ನಗು ಬಂದ ಜಾಗ

ದುಃಖದ ಹಾಡೊಂದನ್ನು ಸ್ನೇಹಿತರಿಗೆ ಕೇಳಿಸುವಾಗ ನಾವು ಸಾಮಾನ್ಯವಾಗಿ ಅವರ ಮುಖ ನೋಡುವುದಿಲ್ಲ. ಕಿಟಕಿಯ ಕಡೆಗೋ ನೆಲದ ಕಡೆಗೋ ನೋಡುತ್ತಾ ಕೂತಿರುತ್ತೇವೆ. ಹಾಸ್ಯದ ಹಾಡು ಕೇಳಿಸುವಾಗ ಮಾತ್ರ ನಮ್ಮ ಕಣ್ಣು ಅವರ ಮುಖ ಬಿಟ್ಟು ಕದಲುವುದಿಲ್ಲ. "ಇರು, ಈಗ ಬರುತ್ತೆ ನೋಡು" ಎಂದು ಮೊದಲೇ ಎಚ್ಚರಿಸುತ್ತೇವೆ. ಆ ಸಾಲು ಬರುತ್ತದೆ, ಹೋಗುತ್ತದೆ. ಅವರು ನಕ್ಕರೆ ನಮಗೆ ಎಂಥದೋ ಹೆಮ್ಮೆ. ಹಾಡು ಬರೆದವರು ನಾವಲ್ಲ, ಹಾಡಿದವರೂ ಅಲ್ಲ, ಆದರೂ ಚಪ್ಪಾಳೆ ನಮಗೇ ಬಿದ್ದ ಹಾಗೆ. ಅವರು ನಗದೆ "ಹ್ಞೂಂ, ಚೆನ್ನಾಗಿದೆ" ಎಂದರೆ ಮುಗಿಯಿತು. "ಚೆನ್ನಾಗಿದೆ" ಎನ್ನುವುದು ಭಾವಗೀತೆಗೆ ಹೊಗಳಿಕೆ, ಹಾಸ್ಯದ ಹಾಡಿಗೆ ಅದು ಮರಣಪತ್ರ.

ನನ್ನನ್ನು ಕೆಲವು ಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು. ನನಗೆ ನಗು ತರಿಸಿದ ಹಾಡು ಇನ್ನೊಬ್ಬರಿಗೂ ನಗು ತರಿಸಬೇಕು ಎಂದು ನಾನು ಯಾಕೆ ಬಯಸುತ್ತೇನೆ? ಅದು ಬರೀ ಆಸೆಯೋ ಅಥವಾ ಅದರೊಳಗೆ ಒಂದು ಹಕ್ಕಿನ ಒತ್ತಾಯವೂ ಇದೆಯೋ? ಅವರು ನಗದಿದ್ದಾಗ ಆಗುವ ಆ ಸಣ್ಣ ನೋವು ಎಲ್ಲಿಂದ ಬರುತ್ತದೆ? ನಾನು ಸಂಶೋಧನೆ ಮಾಡುತ್ತಿರುವುದು ಸೌಂದರ್ಯಮೀಮಾಂಸೆಯಲ್ಲಿ. ಅಲ್ಲಿ ರುಚಿ, ಅಭಿರುಚಿ, ಸಹೃದಯ ಮುಂತಾದ ದೊಡ್ಡ ಮಾತುಗಳೆಲ್ಲ ಇವೆ. ಆದರೆ ಆ ಮಾತುಗಳನ್ನು ಮಹಾಕಾವ್ಯದ ಮೇಲೆ, ಆಲಾಪನೆಯ ಮೇಲೆ ಪ್ರಯೋಗಿಸುತ್ತೇವೆಯೇ ಹೊರತು ಎಮ್ಮೆಯ ಮೇಲಿನ ಹಾಡಿಗೆ ಹಚ್ಚಿ ನೋಡುವುದು ಕಡಿಮೆ.

ಎಮ್ಮೆಯ ಮಾತು ಸುಮ್ಮನೆ ಹೇಳಿದ್ದಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಬೆನ್ನ ಮೇಲೆ ಕೂತು ಹಾಡುವ ಹಾಡು ನಮ್ಮಲ್ಲಿ ಗೊತ್ತಿಲ್ಲದವರು ಯಾರು? ಊರೆಲ್ಲ ಗದ್ದಲ ಮಾಡಿದರೂ ಎಮ್ಮೆಯ ನೆಮ್ಮದಿಗೆ ಭಂಗವಿಲ್ಲ ಎಂಬುದು ಅದರ ತಾತ್ಪರ್ಯ. ಅಲ್ಲಿಯವರೆಗೆ ರಾಜ್‌ಕುಮಾರ್ ಅವರ ಹೆಚ್ಚಿನ ಹಾಡುಗಳಿಗೆ ದನಿಯಾಗುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಈ ಹಾಡಿನ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಮುಂದೆ ಅವರಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂದದ್ದು 1992ರ 'ಜೀವನ ಚೈತ್ರ'ದಲ್ಲಿ ತೋಡಿ ರಾಗದಲ್ಲಿ ಹಾಡಿದ ಗಂಭೀರ ಹಾಡಿಗೆ. ಬರಬೇಕಾದದ್ದೇ. ಆದರೆ ಒಂದು ಮಾತು ಗಮನಿಸಿ. ತೋಡಿಯ ಹಾಡನ್ನು ನಾವು ಮೆಚ್ಚುತ್ತೇವೆ, ಎಮ್ಮೆಯ ಹಾಡನ್ನು ಹಂಚಿಕೊಳ್ಳುತ್ತೇವೆ. ಮೂರು ತಲೆಮಾರು ಒಂದೇ ಕಾರಿನಲ್ಲಿ ಕೂತಿರುವಾಗ ಎಲ್ಲರೂ ದನಿಗೂಡಿಸುವುದು ಯಾವುದಕ್ಕೆ ಎಂದು ಕೇಳಿಕೊಂಡರೆ ಸಾಕು. ಗೌರವದ ಪಟ್ಟಿಯಲ್ಲಿ ಕೆಳಗಿರುವ ಹಾಡು ಒಡನಾಟದ ಪಟ್ಟಿಯಲ್ಲಿ ಮೇಲಿದೆ.

ಈ ವಿಚಿತ್ರವನ್ನು ಅರಿಯಲು ನಾನು ಮೊದಲು ಹೋದದ್ದು, ವೃತ್ತಿಯ ಚಟದಿಂದ, ಇಮ್ಮ್ಯಾನುಯೆಲ್ ಕಾಂಟ್‌ನ ಬಳಿಗೆ. 1790ರಲ್ಲಿ ಬಂದ 'ಕ್ರಿಟಿಕ್ ಆಫ್ ಜಡ್ಜ್‌ಮೆಂಟ್' ಎಂಬ ಪುಸ್ತಕದಲ್ಲಿ ಅವನು ಎರಡು ಬಗೆಯ ಹಿತವನ್ನು ಬೇರೆ ಮಾಡುತ್ತಾನೆ. ಒಂದು, ನಾಲಿಗೆಗೆ ಹಿತವಾದದ್ದು. ಕ್ಯಾನರಿ ದ್ವೀಪದ ವೈನ್ ಹಿತವಾಗಿದೆ ಎಂದರೆ 'ನನಗೆ' ಎಂಬ ಮಾತು ಅದರಲ್ಲೇ ಅಡಗಿರುತ್ತದೆ. ನಿಮಗೆ ಹಿಡಿಸದಿದ್ದರೆ ಜಗಳವಿಲ್ಲ. ಇನ್ನೊಂದು, ಸುಂದರವಾದದ್ದು. ಇದು ಸುಂದರ ಎನ್ನುವಾಗ ನಾನು ನನ್ನೊಬ್ಬಳ ಪರವಾಗಿ ಮಾತಾಡುತ್ತಿಲ್ಲ. ನೀವೂ ಒಪ್ಪಬೇಕು ಎಂದು ಒಳಗೊಳಗೇ ಕೇಳುತ್ತಿದ್ದೇನೆ. ತರ್ಕದಿಂದ ಒಪ್ಪಿಸಲಾರೆ, ಆದರೂ ನಿಮ್ಮ ಒಪ್ಪಿಗೆ ನನಗೆ ಬೇಕು.

ಇದೇ ಪುಸ್ತಕದಲ್ಲಿ ಕಾಂಟ್ ಸಂಗೀತದ ಬಗ್ಗೆ ಒಂದು ತಮಾಷೆಯ ದೂರು ಹೇಳುತ್ತಾನೆ. ಸಂಗೀತಕ್ಕೆ ನಾಗರಿಕ ನಡತೆ ಸಾಲದಂತೆ. ಚಿತ್ರ ಬೇಡವಾದರೆ ಕಣ್ಣು ತಿರುಗಿಸಬಹುದು, ಹಾಡು ಬೇಡವಾದರೆ ಕಿವಿ ಮುಚ್ಚುವುದು ಹೇಗೆ? ಅತ್ತರು ಹಚ್ಚಿದ ಕರವಸ್ತ್ರವನ್ನು ಜೇಬಿನಿಂದ ತೆಗೆದವನು ಸುತ್ತಲಿದ್ದವರಿಗೆಲ್ಲ, ಬೇಕೋ ಬೇಡವೋ, ವಾಸನೆ ಉಣಿಸುತ್ತಾನಲ್ಲ, ಸಂಗೀತವೂ ಹಾಗೆ ಎನ್ನುತ್ತಾನೆ. ಮನೆಯ ಹತ್ತಿರದ ಸೆರೆಮನೆಯಲ್ಲಿ ಕೈದಿಗಳು ಗಟ್ಟಿಯಾಗಿ ಹಾಡುವ ಭಕ್ತಿಗೀತೆಗಳಿಂದ ರೋಸಿ ಊರಿನ ಅಧಿಕಾರಿಗೆ ಪತ್ರ ಬರೆದವನು ಆತ. ನಮ್ಮ ಕಾಲದಲ್ಲಿದ್ದು ಕೆಂಪು ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿಕೊಂಡವನ ಪಕ್ಕ ಕೂತಿದ್ದರೆ ಏನು ಮಾಡುತ್ತಿದ್ದನೋ. 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಹಾಗೆ ಜೋರಾಗಿ ಹಾಡು ಹಾಕುವುದನ್ನು ನಿಷೇಧಿಸಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕರವಸ್ತ್ರವೇ.

ಆ ದೂರಿನ ಮರುವಿಭಾಗದಲ್ಲೇ ಕಾಂಟ್ ಇನ್ನೊಂದು ಕೆಲಸ ಮಾಡುತ್ತಾನೆ. ಸಂಗೀತವನ್ನೂ ಹಾಸ್ಯವನ್ನೂ ಅಕ್ಕಪಕ್ಕ ಕೂರಿಸುತ್ತಾನೆ. ಎರಡೂ ಆಟಗಳು. ಎರಡರಲ್ಲೂ ಕೊನೆಗೆ ಕೈಗೆ ಸಿಗುವ ಅರ್ಥ ಏನೂ ಇಲ್ಲ, ಆದರೂ ಮೈ ಅಲ್ಲಾಡುತ್ತದೆ, ಜೀವ ಹಗುರಾಗುತ್ತದೆ. ಬಿಗಿಯಾಗಿ ಎಳೆದ ನಿರೀಕ್ಷೆ ಇದ್ದಕ್ಕಿದ್ದಂತೆ ಬರಿದಾದಾಗ ಹುಟ್ಟುವುದು ನಗು ಎಂದು ಅವನ ವಿವರಣೆ. ಹಾಗಾಗಿ ಎರಡನ್ನೂ 'ಹಿತ'ದ ಗುಂಪಿಗೆ, ಅಂದರೆ ವೈನಿನ ಗುಂಪಿಗೆ, ಸೇರಿಸಲು ಅವನ ಮನಸ್ಸು ವಾಲುತ್ತದೆ.

ಹಾಸ್ಯದ ಹಾಡಿನ ಒಳಗಿನ ಯಂತ್ರವನ್ನು ಈ ವಿವರಣೆ ಚೆನ್ನಾಗಿ ತೋರಿಸುತ್ತದೆ. ಹಾಡಿನ ಧಾಟಿ ಒಂದು ನಿರೀಕ್ಷೆಯನ್ನು ಕಟ್ಟುತ್ತದೆ, ಮಾತು ಅದನ್ನು ಕೆಡವುತ್ತದೆ. ದೇವರನಾಮದ ಗಂಭೀರ ರಾಗದಲ್ಲಿ ಉಪ್ಪಿಟ್ಟಿನ ಮಹಿಮೆ ಹಾಡಿದರೆ ನಗು ಬರುವುದು ಉಪ್ಪಿಟ್ಟಿನಿಂದಲ್ಲ, ರಾಗದಿಂದಲೂ ಅಲ್ಲ, ಅವೆರಡರ ನಡುವಿನ ಬಿರುಕಿನಿಂದ. ಮಾತಿಲ್ಲದೆಯೂ ಇದು ಸಾಧ್ಯ. ಮೊಜಾರ್ಟ್ 1787ರಲ್ಲಿ 'ಸಂಗೀತದ ತಮಾಷೆ' ಎಂಬ ಹೆಸರಿನಲ್ಲೇ ಒಂದು ಕೃತಿ ರಚಿಸಿದ. ಬೇಕೆಂದೇ ಒಡ್ಡೊಡ್ಡಾಗಿ ಬರೆದದ್ದು, ಕೊನೆಯಲ್ಲಿ ಒಂದೊಂದು ವಾದ್ಯ ಒಂದೊಂದು ಶ್ರುತಿಯಲ್ಲಿ ಬಂದು ನಿಲ್ಲುತ್ತದೆ. ಆ ಕೊನೆಗೆ ಯಾರು ಬೇಕಾದರೂ ಬೆಚ್ಚಿಬಿದ್ದು ನಗಬಹುದು. ಆದರೆ ನಡುವಿನ ಎಷ್ಟೋ ತಮಾಷೆಗಳಿಗೆ ನಗಬೇಕಾದರೆ ಆ ಸಂಗೀತದ ನಿಯಮ ಗೊತ್ತಿರಬೇಕು. ನಿಯಮ ಗೊತ್ತಿಲ್ಲದವರಿಗೆ ಅದು ಅಷ್ಟೇನೂ ಚೆನ್ನಾಗಿಲ್ಲದ ಸಂಗೀತ, ಅಷ್ಟೇ.

ಇಲ್ಲಿಂದ ಕಾಂಟ್‌ನ ವೈನ್ ನನಗೆ ಸಾಲದಾಗುತ್ತದೆ. ವೈನ್ ಹಿಡಿಸದಿದ್ದವನ ಬಗ್ಗೆ ನನಗೆ ಬೇಸರವಿಲ್ಲ. ಹಾಡಿಗೆ ನಗದವನ ಬಗ್ಗೆ ಇದೆ. ಹಾಗಾದರೆ ಆ ನಗುವಿನಲ್ಲಿ ಬರೀ ನಾಲಿಗೆಯ ರುಚಿಗಿಂತ ಹೆಚ್ಚಿನದೇನೋ ಇದೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಟೆಡ್ ಕೋಹೆನ್ 1999ರಲ್ಲಿ ಜೋಕುಗಳ ಮೇಲೆಯೇ ಒಂದು ಸಣ್ಣ ಪುಸ್ತಕ ಬರೆದರು. ಹೆಚ್ಚಿನ ಜೋಕುಗಳು ಷರತ್ತಿನ ಜೋಕುಗಳು ಎನ್ನುತ್ತಾರೆ ಅವರು. ಕೇಳುವವನಿಗೆ ಏನೋ ಮೊದಲೇ ಗೊತ್ತಿರಬೇಕು, ಇಲ್ಲವೇ ಏನೋ ಒಂದರ ಬಗ್ಗೆ ಮೊದಲೇ ಒಂದು ಭಾವನೆ ಇರಬೇಕು. ಇಬ್ಬರೂ ಒಟ್ಟಿಗೆ ನಕ್ಕಾಗ ಆ ಷರತ್ತು ಇಬ್ಬರಲ್ಲೂ ಇತ್ತು ಎಂದು ಬಾಯಿಬಿಟ್ಟು ಹೇಳದೆ ತಿಳಿಯುತ್ತದೆ. ಹೀಗೆ ನಗು ಒಂದು ಬಗೆಯ ಆಪ್ತತೆ. ಅಂದರೆ ಹಾಡು ಕೇಳಿಸಿ ಮುಖ ನೋಡುವವನು ಹಾಡಿನ ಬೆಲೆ ಕಟ್ಟಿಸುತ್ತಿಲ್ಲ. 'ನಾನಿರುವ ಜಗತ್ತಿನಲ್ಲಿ ನೀನೂ ಇದ್ದೀಯಾ?' ಎಂದು ಕೇಳುತ್ತಿದ್ದಾನೆ. ಉತ್ತರ ಬಾರದಿದ್ದಾಗ ಆಗುವ ನೋವು ಒಂಟಿತನದ್ದು.

ನಮ್ಮ ಟಿ.ಪಿ. ಕೈಲಾಸಂ ಅವರ 'ಕೋಳಿಕೆ ರಂಗ' ನೋಡಿ. ಹಳ್ಳಿಯವನೊಬ್ಬ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದೇ ಅದರ ತಮಾಷೆ. ಕನ್ನಡ ಅಕ್ಷರ ಕಲಿತ ಮಗುವಿಗೆ ಅದು ಸಿಗುತ್ತದೆ, ಕನ್ನಡವನ್ನು ಬರೀ ಮಾತಿನಲ್ಲಿ ಬಲ್ಲವರಿಗೆ ಅರ್ಧ ಸಿಗುತ್ತದೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಮನುಷ್ಯ ಅಕ್ಷರ ಬಿಡಿಸುವ ಆಟಕ್ಕೆ ಕೂತದ್ದು ನನಗೆ ಬಹಳ ಇಷ್ಟ. ಇದಕ್ಕೆ ದೂರದ ಒಬ್ಬ ಸೋದರ ಇದ್ದಾನೆ. ಹಾರ್ವರ್ಡಿನಲ್ಲಿ ಗಣಿತ ಓದಿದ ಟಾಮ್ ಲೆರರ್ 1959ರಲ್ಲಿ, ಆಗ ಗೊತ್ತಿದ್ದ 102 ಮೂಲವಸ್ತುಗಳ ಹೆಸರುಗಳನ್ನು, ಗಿಲ್ಬರ್ಟ್ ಮತ್ತು ಸಲಿವನ್ ಅವರ 1879ರ ಸಂಗೀತನಾಟಕದ ಧಾಟಿಗೆ ಹೊಂದಿಸಿ ಒಂದೇ ಉಸಿರಿನಲ್ಲೆಂಬಂತೆ ಹಾಡಿದರು. ಹಾಡಿನಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಹೆಸರುಗಳೇ. ರಸಾಯನಶಾಸ್ತ್ರದ ಗೆಳತಿಗೆ ಕೇಳಿಸಿದರೆ ಅವಳು ಕುರ್ಚಿಯಿಂದ ಬೀಳುವಷ್ಟು ನಗುತ್ತಾಳೆ, ಇತಿಹಾಸದ ಗೆಳತಿ "ಇದೇನು, ಪಟ್ಟಿ?" ಎನ್ನುತ್ತಾಳೆ. ಲೆರರ್ ಎಷ್ಟೋ ವರ್ಷ ಓದಿಯೂ ಪಿಎಚ್.ಡಿ. ಮುಗಿಸಲೇ ಇಲ್ಲ ಎಂಬುದು ನನ್ನಂಥವರಿಗೆ ಹೆಚ್ಚುವರಿ ಸಮಾಧಾನ. 2025ರಲ್ಲಿ ತೀರಿಕೊಳ್ಳುವ ಕೆಲವು ವರ್ಷ ಮೊದಲು ಅವರು ತಮ್ಮ ಹಾಡುಗಳ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟು ಯಾರು ಬೇಕಾದರೂ ಹಾಡಿಕೊಳ್ಳಲಿ ಎಂದರು. ಹಾಡನ್ನು ಹಂಚುವುದು ಎಂದರೆ ಕೊಟ್ಟು ಕೈಬಿಡುವುದು ಎಂದು ಅವರಿಗೆ ಗೊತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ಗೊತ್ತಿರುವ, ಗೊತ್ತಿಲ್ಲದ ವಿಷಯದ ಮಾತು. ಅದರಲ್ಲಿ ಕಷ್ಟವೇನಿಲ್ಲ, ಗೊತ್ತಿಲ್ಲದಿದ್ದರೆ ಹೇಳಿಕೊಡಬಹುದು. ವಿವರಿಸಿದ ಜೋಕು ಸಾಯುತ್ತದೆ ಎನ್ನುತ್ತಾರೆ. ನಿಜ, ಆದರೆ ಎರಡನೆಯ ಸಲ ಕೇಳುವಾಗ ಅದಕ್ಕೆ ಜೀವ ಬರುವುದೂ ಉಂಟು. ಕಷ್ಟ ಇರುವುದು ಕೋಹೆನ್ ಹೇಳಿದ ಎರಡನೆಯ ಷರತ್ತಿನಲ್ಲಿ. ಭಾವನೆಯ ಷರತ್ತು. ಅಲ್ಲಿ ನಗದವರಿಗೆ ವಿಷಯ ಗೊತ್ತಿಲ್ಲ ಎಂದಲ್ಲ. ಅವರಿಗೆ ನಮಗಿಂತ ಹೆಚ್ಚು ಗೊತ್ತಿರಬಹುದು.

ಕಾಂಟ್ ತನ್ನ ನಗೆಯ ಸಿದ್ಧಾಂತಕ್ಕೆ ಕೊಡುವ ಉದಾಹರಣೆಯೇ ಇದಕ್ಕೆ ಸಾಕ್ಷಿ. ಸೂರತ್ತಿನಲ್ಲಿ ಒಬ್ಬ ಇಂಗ್ಲಿಷಿನವನ ಊಟದ ಮೇಜು. ಬಿಯರ್ ಬಾಟಲಿ ತೆರೆದ ಕೂಡಲೇ ನೊರೆ ಉಕ್ಕಿ ಹರಿಯಿತು. ಅಲ್ಲಿದ್ದ ಭಾರತೀಯನೊಬ್ಬ ಬೆರಗಾಗಿ ಉದ್ಗಾರ ತೆಗೆದ. ಇದರಲ್ಲಿ ಆಶ್ಚರ್ಯ ಏನು ಎಂದು ಇಂಗ್ಲಿಷಿನವನು ಕೇಳಿದ. ಹೊರಗೆ ಬಂದದ್ದು ಆಶ್ಚರ್ಯವಲ್ಲ, ಇಷ್ಟನ್ನು ಒಳಗೆ ತುಂಬಿದ್ದು ಹೇಗೆ ಎಂಬುದೇ ನನಗೆ ಆಶ್ಚರ್ಯ ಎಂದ ಈತ. ನಾವು ನಗುವುದು ಆ ಅಜ್ಞಾನಿಗಿಂತ ನಾವು ಜಾಣರು ಎಂದುಕೊಂಡಲ್ಲ, ನಿರೀಕ್ಷೆ ಬರಿದಾಯಿತೆಂದು ಮಾತ್ರ ಎಂದು ಕಾಂಟ್ ಒತ್ತಿ ಹೇಳುತ್ತಾನೆ.

ನಾನು ಮೊದಲ ಸಲ ಇದನ್ನು ಓದಿದಾಗ ನಕ್ಕೆ. ಆದರೆ ಕಾಂಟ್ ನಗಲೆಂದು ಬಿಟ್ಟ ಜಾಗದಲ್ಲಿ ಅಲ್ಲ. ಬೀರಬಲ್, ತೆನಾಲಿ ರಾಮಕೃಷ್ಣನ ಕಥೆಗಳನ್ನು ಕೇಳಿ ಬೆಳೆದ ಕಿವಿಗೆ ಆ ಸೂರತ್ತಿನವನು ದಡ್ಡನಾಗಿ ಕೇಳಿಸುವುದೇ ಇಲ್ಲ. ಸಾಹೇಬನ ಪ್ರಶ್ನೆಗೆ ಮುಖ ಗಂಟಿಕ್ಕದೆ ಸಾಹೇಬನನ್ನೇ ಆಡಿಸಿದ ಜಾಣ ಅವನು. ಪಕ್ಕದ ಮನೆಯ ತಾತ ಸಿನಿಕಲಾಗಿ ಹೇಳುವ ಮಾತಿನ ಧಾಟಿ ಅದು. ಜೋಕು ಒಂದೇ, ನಗು ಬಂದ ಜಾಗ ಬೇರೆ. ಕೋನಿಗ್ಸ್‌ಬರ್ಗ್ ಬಿಟ್ಟು ದೂರ ಹೋಗದ ಒಬ್ಬ ಪ್ರೊಫೆಸರ್ ಭಾರತೀಯನನ್ನು ಜೋಕಿನ ವಸ್ತುವಾಗಿ ಮಾತ್ರ ಕಂಡಿದ್ದ. ಆ ಪುಸ್ತಕವನ್ನು ಭಾರತೀಯಳೊಬ್ಬಳು ಓದುತ್ತಾಳೆ ಎಂಬುದು ಅವನ ನಿರೀಕ್ಷೆಯಲ್ಲಿ ಇರಲಿಲ್ಲ.

ಇಂಥದ್ದೇ ಇನ್ನೊಂದು, ಮನೆಗೆ ಹತ್ತಿರದ್ದು. ಹಾಸ್ಟೆಲಿನ ಒಂದು ಸಂಜೆ ಯಾರೋ ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಹಾಕಿದ್ದರು. ಕುಡುಕ ರತ್ನ, ಅವನ ಹೆಂಡತಿ ನಂಜಿ, ಅವನ ಕನ್ನಡಪ್ರೇಮ ಎಲ್ಲ ನಿಮಗೆ ಗೊತ್ತಿರುವುದೇ. ರಾಜರತ್ನಂ ಸ್ವತಃ ಹೆಂಡ ಮುಟ್ಟಿದವರಲ್ಲ. ಕನ್ನಡ ಮೇಷ್ಟರು, ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದವರು, ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದವರು. ಆ ದಿನ ಕೋಣೆಯಲ್ಲಿ ಐದಾರು ಜನ ಇದ್ದೆವು. ರತ್ನ ದೇವರೊಂದಿಗೆ ಮಾತಾಡುವ ಪದ ಬಂತು. ಹೆಂಡ ಬಿಡು ಎಂದರೆ ಬಿಡುತ್ತಾನೆ, ಹೆಂಡತಿಯನ್ನು ಬಿಡು ಎಂದರೂ ಒಪ್ಪುತ್ತಾನೆ, ಕನ್ನಡ ಪದ ಬಿಡು ಎಂದಾಗ ಮಾತ್ರ ದೇವರಿಗೇ ತಿರುಗಿ ನಿಲ್ಲುತ್ತಾನೆ.

ಬೆಂಗಳೂರಿನ ಹುಡುಗಿಯರು ನಕ್ಕದ್ದು ಉಚ್ಚಾರಣೆಗೆ. ಹಕಾರ ಬಿದ್ದುಹೋದ ಆ ಮಾತೇ ಅವರಿಗೆ ತಮಾಷೆ. ಮಳವಳ್ಳಿ ಕಡೆಯ ಗೆಳತಿ ಅವರ ಮುಖ ನೋಡಿ, "ನಮ್ಮಜ್ಜಿ ಇಂಗೇ ಮಾತಾಡದು ಕಣೆ, ಇದ್ರಲ್ಲಿ ನಗಕ್ಕೇನೈತೆ?" ಎಂದಳು. ಕೋಪದಿಂದಲ್ಲ, ನಿಜವಾದ ಕುತೂಹಲದಿಂದ. ಅವಳೂ ನಕ್ಕಿದ್ದಳು, ಆದರೆ ಅವಳು ನಕ್ಕದ್ದು ಚೌಕಾಸಿಗೆ. ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವ ಹಾಗೆ ದೇವರ ಜೊತೆ ಒಂದೊಂದೇ ಬಿಟ್ಟುಕೊಡುತ್ತಾ ಹೋಗಿ ಕೊನೆಗೆ ಹಗ್ಗ ಬಿಗಿಹಿಡಿಯುವ ರೀತಿ ಇದೆಯಲ್ಲ, ಅದು ಅವಳ ಊರಿನ ಹಿರಿಯರದ್ದೇ ವರಸೆ. ಇನ್ನೊಬ್ಬಳು ನಗಲೇ ಇಲ್ಲ. ಹಾಡು ಮುಗಿಯುವ ಮೊದಲೇ ಬಕೆಟ್ ತೆಗೆದುಕೊಂಡು ಬಟ್ಟೆ ಒಗೆಯಲು ಹೋದಳು. ಅವಳ ಮನೆಯಲ್ಲಿ ಸಂಜೆಗಳು ಹೇಗಿರುತ್ತಿದ್ದವು, ಕುಡಿದು ಬಂದ ಅಪ್ಪ ತಮಾಷೆಯಾಗಿ ಮಾತಾಡಿದ ದಿನಗಳೇ ಯಾಕೆ ಹೆಚ್ಚು ಭಯದ್ದಾಗಿರುತ್ತಿದ್ದವು ಎಂದು ಅವಳೇ ಹೇಳಿ ನಮಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ. "ಹಾಡು ಚೆನ್ನಾಗಿದೆ, ನನಗೂ ಗೊತ್ತು. ಆದರೆ ಅಷ್ಟು ಸಲೀಸಾಗಿ ಬಿಟ್ಟುಕೊಡ್ತಾನಲ್ಲ, ಆ ನಂಜಿ ಏನಂತಿದ್ದಳೋ" ಎಂದಳು.

ಈ ಮೂವರಲ್ಲಿ ಯಾರ ರುಚಿ ಸರಿ? ಸಹೃದಯರು ಯಾರು? ನಾಟ್ಯಶಾಸ್ತ್ರದಲ್ಲಿ ಭರತ ಹಾಸ್ಯವನ್ನು ಎರಡಾಗಿ ಒಡೆಯುತ್ತಾನೆ. ತಾನೇ ನಗುವುದು ಆತ್ಮಸ್ಥ, ಇನ್ನೊಬ್ಬರನ್ನು ನಗಿಸುವುದು ಪರಸ್ಥ. ಆಮೇಲೆ ನಗುವಿಗೆ ಆರು ಮೆಟ್ಟಿಲು ಹಾಕುತ್ತಾನೆ. ಸ್ಮಿತ, ಹಸಿತಗಳು ಉತ್ತಮರಿಗೆ, ವಿಹಸಿತ, ಉಪಹಸಿತಗಳು ಮಧ್ಯಮರಿಗೆ, ಅಪಹಸಿತ, ಅತಿಹಸಿತಗಳು ಅಧಮರಿಗೆ. ಹೆಂಗಸರಲ್ಲೂ ಕೀಳು ಸ್ವಭಾವದವರಲ್ಲೂ ಈ ರಸ ಹೆಚ್ಚು ಎಂಬ ಮಾತೂ ಅಲ್ಲಿದೆ. ಲೇಡೀಸ್ ಹಾಸ್ಟೆಲಿನಲ್ಲಿ ಆರು ವರ್ಷ ಕಳೆದ ನಾನು ಆ ಮಾತಿನ ಮೊದಲರ್ಧವನ್ನು ಅಲ್ಲಗಳೆಯಲಾರೆ. ಆದರೆ ಈ ಏಣಿ ಅಳೆಯುವುದು ನಗು ಎಷ್ಟು ಜೋರು ಎಂಬುದನ್ನು. ಹಲ್ಲು ಕಂಡಿತೇ, ಕಣ್ಣಲ್ಲಿ ನೀರು ಬಂತೇ ಎಂಬುದನ್ನು. ನಗು ಎಲ್ಲಿ ಬಂತು, ಯಾರ ಮೇಲೆ ಬಂತು ಎಂಬುದನ್ನು ಅದು ಕೇಳುವುದಿಲ್ಲ. ಹೊಟ್ಟೆ ಹಿಡಿದು ನಕ್ಕ ಮಳವಳ್ಳಿಯ ಗೆಳತಿ ಆ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದಳು, ಉಚ್ಚಾರಣೆಗೆ ಮೆಲ್ಲಗೆ ನಕ್ಕವರು ಮೇಲಿದ್ದರು. ಹಾಡನ್ನು ಹತ್ತಿರದಿಂದ ಕೇಳಿದವರು ಯಾರು ಎಂದು ಕೇಳಿದರೆ ಏಣಿ ತಲೆಕೆಳಗಾಗುತ್ತದೆ.

ಇದರರ್ಥ ನಗಬಾರದು ಎಂದಲ್ಲ. ಇತ್ತೀಚೆಗೆ ಹಾಸ್ಯದ ಬಗ್ಗೆ ನಡೆಯುವ ಜಗಳಗಳು ಎರಡೇ ದಾರಿಯಲ್ಲಿ ಹೋಗುತ್ತವೆ. ಒಬ್ಬರು "ಇದು ನೋಯಿಸುತ್ತದೆ, ನಿಲ್ಲಿಸಿ" ಎನ್ನುತ್ತಾರೆ. ಇನ್ನೊಬ್ಬರು "ಬರೀ ತಮಾಷೆ, ನಗಲಿಕ್ಕೆ ಬರದವರು ನೀವು" ಎನ್ನುತ್ತಾರೆ. ಎರಡೂ ಕಡೆಯವರು ಹಾಡಿನಲ್ಲಿ ಒಂದೇ ನಗು ಇದೆ ಎಂದು ನಂಬಿರುತ್ತಾರೆ. ರತ್ನನ ಪದಗಳಲ್ಲಿ ಕನಿಷ್ಠ ಮೂರು ನಗುಗಳಿವೆ, ಒಂದು ಮೌನವೂ ಇದೆ. ಮೌನವಾಗಿದ್ದವಳು ಹಾಡನ್ನು ತಪ್ಪು ಓದಿರಲಿಲ್ಲ. ನಂಜಿಯ ಕಡೆಯಿಂದ ಓದಿದ್ದಳು. ಅವಳ ಮಾತು ಕೇಳಿದ ಮೇಲೆ ಆ ಹಾಡು ನನಗೆ ಕೆಟ್ಟದಾಗಿ ಕಾಣಲಿಲ್ಲ, ದೊಡ್ಡದಾಗಿ ಕಂಡಿತು.

ನಗುವ ಜಾಗ ಕಾಲಕಾಲಕ್ಕೂ ಬದಲಾಗುತ್ತದೆ. ಡೊಂಕು ಬಾಲದ ನಾಯಿಯನ್ನು 'ನಾಯಕರೇ' ಎಂದು ಬಹುವಚನದಲ್ಲಿ ಮಾತಾಡಿಸುವ ಪುರಂದರದಾಸರ ಕೀರ್ತನೆಯಲ್ಲಿ ನಗು ಶುರುವಾಗುವುದು ನಾಯಿಯಿಂದ, ಮುಗಿಯುವುದು ಕೇಳುವವನ ಮೇಲೆ. ಇನ್ನು ರತ್ನನ ವಿಷಯಕ್ಕೆ ಬಂದರೆ, ನರಕದಲ್ಲೂ ಕನ್ನಡ ಬಿಡೆನೆಂಬ ಅವನ ಪದವನ್ನು ಇಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ಎದೆಯುಬ್ಬಿಸಿ ಹಾಡುತ್ತಾರೆ. ಹಾಗೆ ಹೇಳಿದವನು ನೆಟ್ಟಗೆ ನಿಲ್ಲಲಾಗದ ಒಬ್ಬ ಕುಡುಕ ಎಂಬುದು ಯಾರಿಗೂ ನೆನಪಿಲ್ಲ. ಈ ಪದಗಳಿಗೆ ರಾಗ ಹಾಕಿ ಹಾಡಿ ಮನೆಮನೆಗೆ ಮುಟ್ಟಿಸಿದವರಲ್ಲಿ ಮೈಸೂರು ಅನಂತಸ್ವಾಮಿ ಮುಖ್ಯರು. 2022ರಲ್ಲಿ ಸರ್ಕಾರ ಕುವೆಂಪು ಅವರ ನಾಡಗೀತೆಗೆ ಅಧಿಕೃತವೆಂದು ಒಪ್ಪಿದ್ದು ಅವರದೇ ಧಾಟಿಯನ್ನು. ಎದ್ದು ನಿಂತು ಕೇಳುವ ಹಾಡಿಗೂ ತೂರಾಡುತ್ತಾ ಕೇಳುವ ಹಾಡಿಗೂ ಒಂದೇ ಕೊರಳಿನಿಂದ ರಾಗ ಬಂದದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಗಂಭೀರವೂ ಹಾಸ್ಯವೂ ಎರಡು ಜಾತಿ ಎಂದು ಸಂಗೀತಕ್ಕೆ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು.

ಮತ್ತೆ ಮೊದಲಿನ ಪ್ರಶ್ನೆ. ನಗಬೇಕೆಂದು ಕೇಳುವ ಹಕ್ಕು ನಮಗಿದೆಯೇ? ಕೇಳುವ ಹಕ್ಕು ಇದೆ, ವಸೂಲಿ ಮಾಡುವ ಹಕ್ಕು ಇಲ್ಲ ಎಂದು ನನ್ನ ಉತ್ತರ. ವಸೂಲಾದ ನಗು ಹೇಗಿರುತ್ತದೆ ಎಂದು ತಿಳಿಯಲು ಯಾವುದೇ ವಿಶ್ವವಿದ್ಯಾಲಯದ ಯಾವುದೇ ವಿಭಾಗಕ್ಕೆ ಹೋಗಬಹುದು. ಗೈಡ್ ಹೇಳಿದ ಜೋಕಿಗೆ ಸಂಶೋಧನಾ ವಿದ್ಯಾರ್ಥಿಗಳು ನಗುವ ನಗು ಸಮಯಕ್ಕೆ ಸರಿಯಾಗಿ ಬರುತ್ತದೆ, ಸಮಯಕ್ಕೆ ಸರಿಯಾಗಿ ನಿಲ್ಲುತ್ತದೆ. ಅದರಲ್ಲಿ ಒಂದೇ ಒಂದು ಕೊರತೆ, ಅದು ನಗುವಲ್ಲ. ದುಃಖದ ಹಾಡಿಗೆ ತಲೆದೂಗಿ ಪಾರಾಗಬಹುದು, ಹಾಸ್ಯದ ಹಾಡಿಗೆ ನಗುವನ್ನು ನಟಿಸಿದರೆ ನಟಿಸಿದವರಿಗೂ ಕೇಳಿಸಿದವರಿಗೂ ಗೊತ್ತಾಗಿಬಿಡುತ್ತದೆ. ಬೇಕೆಂದು ತರಲಾಗದ್ದು, ವಾದದಿಂದ ಗೆಲ್ಲಲಾಗದ್ದು ಎಂಬ ಕಾರಣಕ್ಕೇ ಅದು ಬಂದಾಗ ಅಷ್ಟು ಬೆಲೆ.

ಹಾಗಾದರೆ ಈ ತಾಪತ್ರಯವೇ ಬೇಡ, ಅವರವರ ಇಯರ್‌ಫೋನು ಅವರವರ ಕಿವಿಗೆ ಎನ್ನಬಹುದು. ರುಚಿ ಖಾಸಗಿ ಆಗಿಬಿಟ್ಟರೆ ಯಾರಿಗೂ ನೋವಿಲ್ಲ. ಕರವಸ್ತ್ರ ಜೇಬಿನಲ್ಲೇ ಉಳಿಯುತ್ತದೆ. ಈಗಿನ ಸಂಗೀತದ ಆ್ಯಪ್‌ಗಳೂ ಅದನ್ನೇ ಮಾಡುತ್ತವೆ. ನನಗೆ ಹಿಡಿಸುವುದನ್ನು ನನ್ನ ಹಿಂದಿನ ಆಯ್ಕೆಗಳಿಂದ ಲೆಕ್ಕ ಹಾಕಿ ಮುಂದಿಡುತ್ತವೆ. ಅವು ಕೊಡುವ ಹಾಡು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದರೆ ಆ್ಯಪ್ ನನ್ನ ಮುಖ ನೋಡುವುದಿಲ್ಲ. ನಾನು ನಗದಿದ್ದರೆ ಅದಕ್ಕೆ ಒಂಟಿತನ ಕಾಡುವುದಿಲ್ಲ. ಅಲ್ಲದೆ ನಾನು ಈಗಾಗಲೇ ನಗುವ ಜಾಗಕ್ಕೇ ಅದು ನನ್ನನ್ನು ಮತ್ತೆ ಮತ್ತೆ ಕರೆದೊಯ್ಯುತ್ತದೆ. ಬಟ್ಟೆ ಒಗೆಯಲು ಎದ್ದುಹೋದವಳ ಮೌನವನ್ನು ಅದು ನನಗೆ ಎಂದೂ ಕೇಳಿಸಲಾರದು. ಬಸ್ಸಿನಲ್ಲಿ ಒಬ್ಬನೇ ಇಯರ್‌ಫೋನ್ ಹಾಕಿಕೊಂಡು ನಗುವವನನ್ನು ಗಮನಿಸಿ. ನಕ್ಕ ಮರುಕ್ಷಣ ಅವನು ತಲೆಯೆತ್ತಿ ಸುತ್ತ ನೋಡುತ್ತಾನೆ. ನಾಚಿಕೆ ಇರಬಹುದು. ಅದರ ಜೊತೆಗೆ, ಯಾರಾದರೂ ಸಿಗುತ್ತಾರಾ ಎಂಬ ಹುಡುಕಾಟವೂ ಇದೆ ಎಂದು ನನ್ನ ಗುಮಾನಿ.

ಆದ್ದರಿಂದ ಹಂಚಿಕೊಳ್ಳೋಣ. ಹಂಚುವವರಿಗೆ ಎರಡು ಸಣ್ಣ ಕರ್ತವ್ಯಗಳಿವೆ ಎಂದಷ್ಟೇ ನನ್ನ ಮಾತು. ಒಂದು, ನಗದೆ ಇರುವ ಸ್ವಾತಂತ್ರ್ಯವನ್ನು ಹಾಡಿನ ಜೊತೆಗೇ ಕೊಡುವುದು. ನಮಗಿಂತ ಕಿರಿಯರಿಗೆ, ನಮ್ಮ ಕೈಕೆಳಗಿರುವವರಿಗೆ, ಕೋಣೆಗೆ ಹೊಸದಾಗಿ ಬಂದವರಿಗೆ ಹಾಡು ಕೇಳಿಸುವಾಗ ಈ ಸ್ವಾತಂತ್ರ್ಯ ತಾನಾಗಿ ಇರುವುದಿಲ್ಲ, ನಾವೇ ಕೊಡಬೇಕು. ಕೊಡುವ ವಿಧಾನ ಸುಲಭ: "ಈಗ ಬರುತ್ತೆ ನೋಡು" ಎನ್ನದಿರುವುದು. ಎರಡು, ಅವರು ಬೇರೆ ಜಾಗದಲ್ಲಿ ನಕ್ಕರೆ, ಅಥವಾ ನಗದಿದ್ದರೆ, ಹಾಡನ್ನು ಸಮರ್ಥಿಸಲು ಹೊರಡುವ ಮೊದಲು ಆ ಜಾಗ ಯಾವುದು ಎಂದು ಕೇಳುವುದು. ಮಳವಳ್ಳಿಯ ಗೆಳತಿ ಕೇಳಿದ ಹಾಗೆ, ಕೋಪವಿಲ್ಲದೆ. ಕಾಂಟ್ ಬಯಸಿದ ಒಪ್ಪಿಗೆ ಎಲ್ಲರೂ ಒಂದೇ ಜಾಗಕ್ಕೆ ಬಂದು ಸೇರುವ ಒಪ್ಪಿಗೆ. ಹಾಸ್ಯದ ಹಾಡು ನಮಗೆ ಕೊಡಬಲ್ಲದ್ದು ಅದಲ್ಲ. ಒಂದೇ ಹಾಡಿನಲ್ಲಿ ಎಷ್ಟು ಜನ ಎಲ್ಲೆಲ್ಲಿ ನಿಂತಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ.

ಒಟ್ಟಿಗೆ ನಗುವ ಸ್ನೇಹ ಸಿಕ್ಕರೆ ಅದೃಷ್ಟ. ಬೇರೆ ಬೇರೆ ಜಾಗದಲ್ಲಿ ನಕ್ಕು, ಆಮೇಲೆ ಒಬ್ಬರು ನಕ್ಕ ಜಾಗವನ್ನು ಇನ್ನೊಬ್ಬರು ಹೋಗಿ ನೋಡಿ ಬರುವ ಸ್ನೇಹ ಅದಕ್ಕಿಂತ ಅಪರೂಪ. ಮುಂದಿನ ಸಲ ಯಾರಾದರೂ ನಿಮಗೆ ಹಾಡು ಕೇಳಿಸಿ ನಿಮ್ಮ ಮುಖವನ್ನೇ ನೋಡುತ್ತಾ ಕೂತರೆ, ನಗು ಬಾರದಿದ್ದರೂ ಪರವಾಗಿಲ್ಲ. "ನಿನಗೆ ಎಲ್ಲಿ ನಗು ಬಂತು?" ಎಂದು ಕೇಳಿ. ಬರೀ "ಚೆನ್ನಾಗಿದೆ" ಎನ್ನುವುದಕ್ಕಿಂತ ಅದು ಮೇಲು.